ನೇಕಾರನ ಗಂಟಲು

"ಅಯ್ಯನವರೇ, ಪ್ರಾರ್ಥನೆ ತಪ್ಪದ ಮನೆಯಲ್ಲಿ ಸಮಾಧಾನ ಏಕಿಲ್ಲ?"

ಹೀಗೆ ಕೇಳಿದವನು ಜಯಪಾಲ. ಹಳ್ಳಿಯ ಕ್ರೈಸ್ತ ಸಭೆಗಳಲ್ಲಿ ಬೋಧಿಸುವುದಕ್ಕಾಗಿ ಪಾದ್ರಿ ಯೋಬಪ್ಪ ಅಯ್ಯನವರ ಬಳಿ ಕಲಿಯುತ್ತಿದ್ದ ಹುಡುಗ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಯ್ಯನವರು ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಯಾರ ಮನೆ?"

"ನನ್ನದೇ. ಸಂಜೆಯ ಪ್ರಾರ್ಥನೆಯನ್ನು ನಾನು ಒಮ್ಮೆಯೂ ಬಿಟ್ಟವನಲ್ಲ. ಆದರೆ ನನ್ನ ಹೆಂಡತಿ ಮಿರಿಯಮ್ಮ ಈಗೀಗ ಕೊನೆಗೆ ಆಮೆನ್ ಅನ್ನುವುದನ್ನೇ ಬಿಟ್ಟಿದ್ದಾಳೆ. ನಾಳೆ ತವರಿಗೆ ಹೊರಡುತ್ತಾಳಂತೆ. ಯಾವಾಗ ಬರುತ್ತೀ ಎಂದರೆ ಉತ್ತರವಿಲ್ಲ. ನನಗೆ ಹೆದರಿಕೆಯಾಗಿದೆ. ಅವಳ ವಿಶ್ವಾಸ ಕುಗ್ಗಿಹೋಗಿದೆ. ಅದನ್ನು ಹೇಗೆ ಸರಿಮಾಡಲಿ?"

"ಪ್ರಾರ್ಥನೆಯಲ್ಲಿ ಏನೆಂದು ಬೇಡುತ್ತೀ?"

"ಅವಳ ಕೋಪ ತಗ್ಗಿಸು, ನಮ್ಮ ಅವ್ವನ ಮಾತು ಕೇಳುವ ಮನಸ್ಸು ಕೊಡು ಎಂದು ಬೇಡುತ್ತೇನೆ. ಅವಳ ಒಳ್ಳೆಯದಕ್ಕೇ ಅಲ್ಲವೇ?"

"ಮನಸ್ಸಿನಲ್ಲೋ, ಬಾಯಿಬಿಟ್ಟೋ?"

"ಬಾಯಿಬಿಟ್ಟೇ."

"ಹಾಂ," ಎಂದರು ಅಯ್ಯನವರು. ಒಂದು ಹಿಡಿ ಶೇಂಗಾ ತೆಗೆದು ಅವನ ಮುಂದೆ ಸುರಿದರು. "ಕೂಡು. ಸುಲಿಯುತ್ತಾ ಕೇಳು. ನಡುವೆ ಬಾಯಿ ಹಾಕಬೇಡ, ನನಗೆ ಕತೆ ಮರೆತುಹೋಗುತ್ತದೆ."

ಒಬ್ಬ ನೇಕಾರನಿದ್ದ. ಮಗ್ಗದ ಮುಂದೆ ಕುಳಿತರೆ ಅವನ ಕೈಯ ವೇಗವನ್ನು ಹಿಡಿಯುವವರಿರಲಿಲ್ಲ. ಬಾಯಿ ಬಿಟ್ಟರೆ ಅದನ್ನು ಹಿಡಿಯುವವರೂ ಇರಲಿಲ್ಲ. ಹೆಂಡತಿಯನ್ನು ಬೈಯುತ್ತಿದ್ದ, ತಾಯಿಯನ್ನು ಬೈಯುತ್ತಿದ್ದ, ಬಾಗಿಲ ಮುಂದೆ ಹಾಯುವ ಕೋಳಿಯನ್ನೂ ಬಿಡುತ್ತಿರಲಿಲ್ಲ. ಮನಸ್ಸು ಕೆಟ್ಟದ್ದಲ್ಲ, ನಾಲಿಗೆ ಮಾತ್ರ ಕೆಟ್ಟದ್ದು. ಹೀಗಿರುವಾಗ ಸಭೆಯವರು ಅವನನ್ನು ಹಿರಿಯನನ್ನಾಗಿ ಆರಿಸಿದರು. ಯಾಕೆ ಆರಿಸಿದರು ಎಂದು ನನ್ನನ್ನು ಕೇಳಬೇಡ, ಸಭೆಯವರ ಲೆಕ್ಕಾಚಾರ ನನಗೆ ಇವತ್ತಿಗೂ ತಿಳಿದಿಲ್ಲ. ಆ ಭಾನುವಾರ ಅವನು ಎಲ್ಲರ ಮುಂದೆ ಎದ್ದು ನಿಂತು, ಇನ್ನು ಮೇಲೆ ಯಾರನ್ನೂ ಬೈಯುವುದಿಲ್ಲ ಎಂದು ಮಾತು ಕೊಟ್ಟ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅಷ್ಟು ಬೈಗುಳ ಎಲ್ಲಿಗೆ ಹೋಗಬೇಕು, ಹೇಳು? ಹಗಲೆಲ್ಲ ಹೊಟ್ಟೆಯಲ್ಲಿ ಕುಳಿತಿರುತ್ತಿತ್ತು. ಸಂಜೆ ಚಾಪೆ ಹಾಸಿ ಮನೆಯವರೆಲ್ಲ ಕಣ್ಣು ಮುಚ್ಚಿದರೆ ಅದು ಹೊರಗೆ ಬರುತ್ತಿತ್ತು. "ಕರ್ತನೇ, ಸಾರಿಗೆ ಉಪ್ಪು ಸುರಿಯುವ ಕೈಗೆ ಬುದ್ಧಿ ಕೊಡು. ತಂದೆಯೇ, ಬಾವಿಕಟ್ಟೆಯ ಹರಟೆಯಿಂದ ಈ ಮನೆಯ ಹೆಂಗಸನ್ನು ಬಿಡಿಸು. ಹೇಳಿದ್ದನ್ನೇ ಹೇಳುವ ಹಿರಿಯ ಜೀವಕ್ಕೆ ಮೌನವನ್ನು ದಯಪಾಲಿಸು." ತಾಯಿ ಒಂದೇ ಕಣ್ಣು ತೆರೆದು ಮಗನನ್ನು ನೋಡಿ ಮತ್ತೆ ಮುಚ್ಚುತ್ತಿದ್ದಳು. ಹೆಂಡತಿ ಏನು ಮಾಡಬೇಕು? ಬೈದರೆ ಎದುರುತ್ತರ ಕೊಡಬಹುದು. ಪ್ರಾರ್ಥನೆಗೆ ಎದುರುತ್ತರ ಕೊಡಲಾಗುತ್ತದೆಯೇ? ಅದೂ ಸಾಲದೆ ಕೊನೆಗೆ ಆಮೆನ್ ಬೇರೆ ಅನ್ನಬೇಕು. ತನ್ನ ಮೇಲಿನ ದೂರಿಗೆ ತಾನೇ ಹೆಬ್ಬೆಟ್ಟು ಒತ್ತಿದ ಹಾಗೆ. ಎಲ್ಲ ಮುಗಿಯುವ ಹೊತ್ತಿಗೆ ರೊಟ್ಟಿ ಆರಿ ಗಟ್ಟಿಯಾಗಿರುತ್ತಿತ್ತು. ಮರುದಿನ ಅದರ ಮೇಲೂ ಒಂದು ಪ್ರಾರ್ಥನೆ.

ಜಯಪಾಲನ ಕೈ ನಿಂತಿತು. ಅಯ್ಯನವರು, "ಸುಲಿ, ಸುಲಿ," ಎಂದು ಮುಂದುವರಿಸಿದರು.

ಆ ನೇಕಾರನಿಗೆ ಒಬ್ಬ ಗೆಳೆಯನಿದ್ದ. ಪಕ್ಕದ ಮನೆಯವನೇ, ಅವನೂ ನೇಕಾರ. ಇಬ್ಬರೂ ಒಟ್ಟಿಗೆ ಆಡಿ ಬೆಳೆದವರು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ನೂಲನ್ನೆಲ್ಲ ಬೀದಿಯುದ್ದಕ್ಕೆ ಚಾಚಿ ಗಂಜಿ ಹಚ್ಚಬೇಕಲ್ಲ, ಅದು ಒಬ್ಬರಿಂದ ಆಗುವ ಕೆಲಸವಲ್ಲ. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಬೇಕು. ಬಿಸಿಲು ಏರುವುದರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಗಂಜಿ ಬಿಗಿದು ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇವನ ನೂಲಿಗೆ ಅವನು ಬರುತ್ತಿದ್ದ, ಅವನ ನೂಲಿಗೆ ಇವನು ಹೋಗುತ್ತಿದ್ದ. ಕರೆಯುವ ಪದ್ಧತಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ಗೆಳೆಯ ಬರುತ್ತೇನೆಂದವನು ಬರಲಿಲ್ಲ. ನೂಲು ಬೀದಿಯಲ್ಲೇ ಕೆಟ್ಟಿತು. ನೇಕಾರ ಅವನ ಬಾಗಿಲು ತಟ್ಟಿ ಯಾಕೆ ಬರಲಿಲ್ಲ ಎಂದು ಕೇಳಬಹುದಿತ್ತು. ನಡುವೆ ಇದ್ದದ್ದು ಒಂದು ಗೋಡೆ. ಕೇಳಲಿಲ್ಲ. ಕೇಳಿದರೆ ಬೈದುಬಿಡುತ್ತೇನೆ, ಕೊಟ್ಟ ಮಾತು ಮುರಿಯುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದ. ಆ ವಾರದ ಪ್ರಾರ್ಥನಾಕೂಟ ಇವನ ಮನೆಯಲ್ಲೇ ಬಂತು. ಕೇರಿಯವರೆಲ್ಲ ಸೇರಿದ್ದರು, ಗೆಳೆಯನೂ ಬಂದು ಮೂಲೆಯಲ್ಲಿ ಕುಳಿತಿದ್ದ. ನೇಕಾರ ಕೈ ಜೋಡಿಸಿ ಗಟ್ಟಿಯಾಗಿ ಶುರುಮಾಡಿದ. "ಕರ್ತನೇ, ಮಾತಿಗೆ ತಪ್ಪುವ ಗೆಳೆಯರನ್ನು ಕ್ಷಮಿಸು. ನೆರೆಯವನ ಕೆಲಸ ಹಾಳಾದರೂ ಹೊದ್ದು ಮಲಗುವ ಸೋಮಾರಿಯನ್ನು ಎಬ್ಬಿಸು."

ಎಲ್ಲರೂ ಕಣ್ಣು ಮುಚ್ಚಿಯೇ ಮೂಲೆಯ ಕಡೆ ಮುಖ ತಿರುಗಿಸಿದರು. ಗೆಳೆಯ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೆನ್ ಎಂದವರು ಕೆಲವರೇ. ಅಂದಿನಿಂದ ಹೆಂಡತಿಯೂ ಅನ್ನಲಿಲ್ಲ.

ಗೆಳೆಯನ ಬಾಗಿಲು ಮುಚ್ಚಿತು. ಮನೆಯಲ್ಲಿ ಹೆಂಡತಿ ತೀರ ಅಗತ್ಯವಿದ್ದಷ್ಟೇ ಮಾತಾಡತೊಡಗಿದಳು. ನೀರು, ಊಟ, ದೀಪ, ಅಷ್ಟೇ. ನೇಕಾರನಿಗೆ ಒಳಗೊಳಗೇ ಸಂಕಟ. ತಾನು ಯಾರನ್ನೂ ಒಂದು ಮಾತು ಬೈದಿಲ್ಲವಲ್ಲ, ಇವರಿಗೆಲ್ಲ ಏನಾಗಿದೆ ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಅದನ್ನೂ ದೇವರಿಗೇ ಹೇಳಿದ. ಇನ್ನೂ ಜೋರಾಗಿ, ಇನ್ನೂ ಉದ್ದವಾಗಿ ಹೇಳಿದ.

ಕೊನೆಗೆ ಗಂಟಲು ಕಟ್ಟಿತು. ಚಳಿಗಾಲದ ನೆಗಡಿ ಎಂದು ವೈದ್ಯರು ಹೇಳಿದರು. ಅವನ ತಾಯಿ ಬೇರೆ ಕಾರಣ ಹೇಳುತ್ತಿದ್ದಳು, ಬಿಡು. ಮಾತಾಡಲು ಹೋದರೆ ಗಾಳಿ ಮಾತ್ರ ಬರುತ್ತಿತ್ತು. ಸಂಜೆ ಚಾಪೆ ಹಾಸಿದರು. ಅವನು ಬಾಯಿ ತೆರೆದ, ಮುಚ್ಚಿದ. ಬೇರೆ ದಾರಿಯಿಲ್ಲದೆ ನೀನೇ ಮಾಡು ಎಂದು ಹೆಂಡತಿಗೆ ಕೈಸನ್ನೆ ಮಾಡಿದ.

ಅವಳು ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಜೋಡಿಸಿದಳು. ನೇಕಾರನಿಗೆ ಹೆದರಿಕೆಯಾಯಿತು. ಇವಳೂ ಶುರುಮಾಡಿದರೆ? ನನ್ನದೆಲ್ಲ ಒಂದೊಂದಾಗಿ ತೆಗೆದರೆ? ಎದುರುತ್ತರ ಕೊಡಲು ಗಂಟಲೂ ಇಲ್ಲ. ಪ್ರತಿ ಸಂಜೆ ಅವಳು ಹೇಗೆ ಕುಳಿತಿರುತ್ತಿದ್ದಳು ಎಂಬುದು ಅವನಿಗೆ ಆಗ ಸ್ವಲ್ಪ ಗೊತ್ತಾಯಿತು.

"ದೇವರೇ," ಎಂದಳು ಅವಳು. "ನಮ್ಮ ಮನೆಯವರ ಗಂಟಲು ವಾಸಿಮಾಡು." ಸ್ವಲ್ಪ ತಡೆದು, "ಅವಸರವೇನಿಲ್ಲ," ಎಂದಳು.

"ಆಮೆನ್!" ಎಂದಳು ಮುದುಕಿ, ಬೀದಿಗೆಲ್ಲ ಕೇಳುವಂತೆ.

ಹೆಂಡತಿ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನೇಕಾರ ಕಣ್ಣು ತೆರೆದ. ಮೊದಲು ಸಿಟ್ಟೇ ಬಂತು. ಸಿಟ್ಟನ್ನು ಹೇಳಲು ದನಿಯಿರಲಿಲ್ಲ. ದನಿಯಿಲ್ಲದ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಅವನ ಭುಜ ಕುಲುಕಿತು. ನಗುತ್ತಿದ್ದ. ಅವಳೂ ನಕ್ಕಳು. ನಕ್ಕೂ ನಕ್ಕೂ ಕೊನೆಗೆ ಅವಳಿಗೆ ಅಳು ಬಂತು. "ಸಂಜೆಯಾದರೆ ನನಗೆ ಭಯವಾಗುತ್ತಿತ್ತು," ಎಂದಳು. "ದೇವರ ಹೆಸರು ತೆಗೆದರೆ ಇವತ್ತು ನನ್ನದು ಏನು ಬರುತ್ತದೋ ಅನ್ನಿಸುತ್ತಿತ್ತು. ಹೇಳುವುದಿದ್ದರೆ ನನಗೇ ಹೇಳಬಾರದೇ? ನಾನು ಇಲ್ಲೇ ಒಲೆಯ ಹತ್ತಿರ ಇರುತ್ತೇನಲ್ಲ." ಮದುವೆಯಾದ ಮೇಲೆ ಅವಳ ಮಾತನ್ನು ಅವನು ಪೂರ್ತಿ ಕೇಳಿದ್ದು ಅದೇ ಮೊದಲು. ನಡುವೆ ತಡೆಯಲು ಬರುತ್ತಿರಲಿಲ್ಲವಲ್ಲ, ಪಾಪ. ಆ ಸಂಜೆ ರೊಟ್ಟಿ ಬಿಸಿಯಾಗಿತ್ತು.

ಮರುದಿನ ಬೆಳಕು ಹರಿಯುವಾಗ ಗೆಳೆಯನ ನೂಲು ಬೀದಿಗೆ ಬಂದಿತ್ತು. ಒಂದು ಕಡೆ ಅವನು, ಇನ್ನೊಂದು ಕಡೆ ಅವನ ಹೆಂಡತಿ ಒದ್ದಾಡುತ್ತಿದ್ದರು. ನೇಕಾರ ಹೋಗಿ ಆಕೆಯ ಕೈಯಿಂದ ತುದಿಯನ್ನು ತೆಗೆದುಕೊಂಡ. ಗೆಳೆಯ ತಲೆಯೆತ್ತಿ ನೋಡಿ, "ಯಾಕೆ ಬಂದೆ? ಇವತ್ತು ನನ್ನ ಬಗ್ಗೆ ಏನು ಹೇಳಬೇಕು ದೇವರಿಗೆ?" ಎಂದ. ನೇಕಾರ ಗಂಟಲು ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದ. ಗೆಳೆಯ ಮುಖ ಊದಿಸಿಕೊಂಡೇ ಗಂಜಿಯ ಕುಂಚ ಎತ್ತಿದ.

ಆಗ ಒಂದು ಎಳೆ ಹರಿಯಿತು. ಗೆಳೆಯ ಬಾಗಿ ಹುಡುಕಿದ. ಎಳೆ ಅವನ ಕಣ್ಣ ಮುಂದೆಯೇ ಜೋತುಬಿದ್ದಿತ್ತು. ಅವನ ಕೈ ಅದರ ಆಚೆ ಹೋಯಿತು, ಈಚೆ ಬಂತು, ಅದನ್ನು ಮುಟ್ಟಲಿಲ್ಲ. ನೇಕಾರ ನೋಡುತ್ತಲೇ ನಿಂತ. ಅವನಿಗೆ ದನಿ ಇದ್ದಿದ್ದರೆ ಅಲ್ಲೇ ಇದೆಯಲ್ಲೋ, ಕಾಣಿಸುವುದಿಲ್ಲವೇ ಎಂದು ಖಂಡಿತ ಕೂಗುತ್ತಿದ್ದ. ದನಿ ಇರಲಿಲ್ಲ. ಹತ್ತಿರ ಹೋದ, ಗೆಳೆಯನ ಬೆರಳು ಹಿಡಿದು ಹರಿದ ಎಳೆಯ ಮೇಲೆ ಇಟ್ಟ.

ಗೆಳೆಯ ಅಲ್ಲೇ ಕುಕ್ಕರಿಸಿ ಕುಳಿತುಬಿಟ್ಟ. "ಕಾಣಿಸುವುದಿಲ್ಲ ಕಣೋ," ಎಂದ. "ಎಲ್ಲ ಹೊಗೆ ಮುಚ್ಚಿದಂತಿದೆ. ಅಪ್ಪನಿಗೂ ಹೀಗೇ ಶುರುವಾಗಿ ಕಣ್ಣು ಪೂರ್ತಿ ಹೋಯಿತು. ಮಗ್ಗ ಬಿಟ್ಟು ನನಗೇನು ಗೊತ್ತು? ಆ ದಿನ ನಿನ್ನ ಬಾಗಿಲ ತನಕ ಬಂದಿದ್ದೆ. ನಿನ್ನ ನೂಲು ಕೆಡಿಸುತ್ತೇನೆ ಎಂದು ತಿರುಗಿ ಹೋದೆ. ಬಂದು ಕೇಳುತ್ತೀ, ಆಗ ಹೇಳೋಣ ಎಂದು ಕಾದೆ. ನೀನು ಕೇಳಲೇ ಇಲ್ಲ."

ನೇಕಾರನಿಗೆ ಕ್ಷಮಿಸು ಎನ್ನಲೂ ದನಿಯಿರಲಿಲ್ಲ. ಗೆಳೆಯನ ಎರಡೂ ಕೈ ಹಿಡಿದುಕೊಂಡು ಬೀದಿಯಲ್ಲೇ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ನೂಲು ಮುಗಿಸಿದ, ಗಂಟುಗಳನ್ನೆಲ್ಲ ತಾನೇ ಹಾಕಿದ. ಮಧ್ಯಾಹ್ನ ಗೆಳೆಯನನ್ನು ಎಳೆದುಕೊಂಡೇ ಕಣ್ಣಿನ ಡಾಕ್ಟರ ಬಳಿ ಹೋದ. ಡಾಕ್ಟರು ದೀಪ ಹಿಡಿದು ನೋಡಿ, "ಪೊರೆ ಬಂದಿದೆಯಪ್ಪಾ, ತೆಗೆದರೆ ಕಾಣಿಸುತ್ತದೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದರು. ಅಷ್ಟೇ. ಅಷ್ಟಕ್ಕಾಗಿ ಅವನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದನೋ! ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಗೆಳೆಯ ನೇಕಾರನ ಮುಖವನ್ನು ದಿಟ್ಟಿಸಿ ನೋಡಿ, "ಅಯ್ಯೋ, ನಿನಗೆ ಇಷ್ಟೊಂದು ವಯಸ್ಸಾಗಿದೆಯೇನೋ!" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ನೇಕಾರನ ಗಂಟಲೂ ಸರಿಹೋಗಿತ್ತು. ಸಂಜೆ ಚಾಪೆ ಹಾಸಿದರು. ಮುದುಕಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಹೆಂಡತಿಯ ಮುಖ ಸಣ್ಣದಾಯಿತು. "ಕರ್ತನೇ," ಎಂದು ಶುರುಮಾಡಿದ ನೇಕಾರ ಅಲ್ಲೇ ನಿಲ್ಲಿಸಿದ. ಕಣ್ಣು ತೆರೆದು ಹೆಂಡತಿಯ ಕಡೆ ತಿರುಗಿ, "ಸಾರಿಗೆ ಉಪ್ಪು ಹೆಚ್ಚಾಗಿತ್ತು ಕಣೇ," ಎಂದ.

"ಗೊತ್ತು," ಎಂದಳು ಅವಳು. "ನಾಳೆ ಕಡಿಮೆ ಹಾಕುತ್ತೇನೆ. ನೀವು ಮಗ್ಗದ ಎಣ್ಣೆ ಕೈಯನ್ನು ನನ್ನ ಸೀರೆಗೆ ಒರೆಸಬೇಡಿ."

"ಆಗಲಿ."

ಆ ಮಾತು ಅಲ್ಲಿಗೇ ಮುಗಿಯಿತು. ಅವನು ಮತ್ತೆ ಕಣ್ಣು ಮುಚ್ಚಿದ. ದೇವರಿಗೆ ಹೇಳಲು ಉಳಿದದ್ದು ಬಹಳ ಇರಲಿಲ್ಲ. ಗೆಳೆಯನ ಕಣ್ಣಿಗಾಗಿ ವಂದನೆ, ಅನ್ನಕ್ಕಾಗಿ ವಂದನೆ, ನನ್ನ ನಾಲಿಗೆಯನ್ನು ಕಾಯಿ. ಆಮೆನ್ ಎಂದವರಲ್ಲಿ ಹೆಂಡತಿಯ ದನಿ ಮೊದಲು ಕೇಳಿಸಿತು.

ಅಯ್ಯನವರು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು. ಜಯಪಾಲನ ಮುಂದಿನ ಶೇಂಗಾ ಸುಲಿಯದೆ ಹಾಗೆಯೇ ಬಿದ್ದಿತ್ತು. ಅವನ ಕಿವಿ ಕೆಂಪಾಗಿತ್ತು, ಆದರೂ ಬಂದಾಗಿನ ಬಿಗಿ ಮುಖದಲ್ಲಿ ಇರಲಿಲ್ಲ.

"ಅಯ್ಯನವರೇ," ಎಂದ ಮೆಲ್ಲಗೆ, "ಆ ನೇಕಾರನಿಗೆ ಗಂಟಲು ಕಟ್ಟಿತ್ತು, ಬದುಕಿಕೊಂಡ. ನನ್ನ ಗಂಟಲು ಚೆನ್ನಾಗಿಯೇ ಇದೆಯಲ್ಲ. ನಾನೇನು ಮಾಡಲಿ?"

"ಇವತ್ತು ಸಂಜೆ ಪ್ರಾರ್ಥನೆಯನ್ನು ಮಿರಿಯಮ್ಮ ಮಾಡಲಿ, ನಿನ್ನ ಆ ಚೆನ್ನಾಗಿರುವ ಗಂಟಲಿನಿಂದ ನೀನು ಆಮೆನ್ ಅನ್ನು."

ಜಯಪಾಲ ಎದ್ದು ಮನೆಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದ.