ಒಲೆಯ ಬಾಗಿಲಿನ ತಿರುಪು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತೀರಿಹೋದ ನನ್ನ ಅಣ್ಣ ದಿನವೂ ನನ್ನ ಕೋಣೆಗೆ ಬರುತ್ತಾನೆ. ನಾನು ಅಗಳಿ ಹಾಕಿಯೇ ಮಲಗುತ್ತೇನೆ. ಬೆಳಗ್ಗೆ ಎದ್ದು ನೋಡಿದರೆ ಅಗಳಿ ತೆಗೆದಿರುತ್ತದೆ. ಈ ಭಯದಲ್ಲಿ ಇನ್ನು ಬದುಕಲಾರೆ. ಅವನನ್ನು ತಡೆಯುವುದು ಹೇಗೆ?"

ಗುರುಗಳು ಹೇಳಿದರು:

ಒಂದು ಚಳಿನಾಡು. ಅಲ್ಲಿ ಮನೆಯನ್ನು ಬೆಚ್ಚಗಿಡಲು ನಡುಮನೆಯಲ್ಲೊಂದು ಕಬ್ಬಿಣದ ಒಲೆ ಇರುತ್ತದೆ. ಅದು ಆರಿದರೆ ಕೂಸುಗಳು ಬೆಳಗು ಕಾಣುವುದಿಲ್ಲ. ಆ ನಾಡಿನಲ್ಲೊಂದು ಪದ್ಧತಿ. ಮನೆಯಲ್ಲಿ ಯಾರಾದರೂ ಸತ್ತರೆ ಒಲೆಯ ಬಾಗಿಲನ್ನು ಕಳಚಿಡುತ್ತಾರೆ, ಜೀವ ಹೊಗೆಯ ದಾರಿಯಲ್ಲಿ ಹೋಗಲಿ ಎಂದು. ಸಂಸ್ಕಾರ ಮುಗಿದ ಮೇಲೆ ಸತ್ತವರಿಗೆ ಅತಿ ಹತ್ತಿರದವರು ಕೈಯಾರೆ ತಿರುಪುಮೊಳೆ ಬಿಗಿದು ಅದನ್ನು ಮತ್ತೆ ಕೂರಿಸಬೇಕು. ಹೋದವರು ಹೋದ ದಾರಿಯನ್ನೇ ಹಿಡಿದು ಮರಳಬಾರದಲ್ಲ.

ಅಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿ ಸತ್ತಳು. ತೊಟ್ಟಿಲಲ್ಲಿ ಕೂಸಿತ್ತು. ಅದನ್ನು ನೋಡಿಕೊಳ್ಳಲು ಸತ್ತವಳ ತಾಯಿ, ವ್ಯಾಪಾರಿಯ ಅತ್ತೆ, ಬಂದಳು. ವ್ಯಾಪಾರಿ ಬಾಗಿಲು ಬಿಗಿದ. ಮರುದಿನ ಬೆಳಗ್ಗೆ ಮೊಳೆಗಳು ನೆಲದ ಮೇಲಿದ್ದವು, ಬಾಗಿಲು ಜೋತುಬಿದ್ದಿತ್ತು. ಇನ್ನೂ ಜೋರಾಗಿ ಬಿಗಿದ. ಮತ್ತೆ ಕಳಚಿತು. ಹೆಂಡತಿ ಹೋದಮೇಲೆ ನಿದ್ದೆಯೇ ಬಾರದವನಿಗೆ ಬಾಗಿಲು ಕಳಚಿದ ರಾತ್ರಿಗಳಲ್ಲಿ ಮಾತ್ರ ಸುಖನಿದ್ದೆ.

ಬಿಗಿದು ಬಿಗಿದು ತೂತುಗಳ ಒಳಗಿನ ಸುತ್ತುಗೆರೆ ಸವೆದುಹೋಯಿತು. ಮೊಳೆ ಸುಮ್ಮನೆ ತಿರುಗುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ತಾಮ್ರದ ತಂತಿ ತುರುಕಿ ಬಿಗಿದ. ಒಂದು ದಿನ ನಿಂತಿತು. ಕೊನೆಗೆ ತೂತನ್ನೇ ದೊಡ್ಡದಾಗಿ ಕೊರೆದು, ಹೊಸದಾಗಿ ಸುತ್ತು ಮಾಡಿ, ದಪ್ಪ ಮೊಳೆ ಹಾಕಿದ.

ಬೆಳಗಾದಾಗ ಬಾಗಿಲು ನೆಲದ ಮೇಲಿತ್ತು. ಕೆಂಡ ಉರುಳಿ ತೊಟ್ಟಿಲಿನ ತನಕ ಬಂದಿತ್ತು. ಕೌದಿಯ ಅಂಚು ಸುಟ್ಟಿತ್ತು. ಕೂಸು ಒಲೆಯ ಕಡೆ ನೋಡುತ್ತ ನಗುತ್ತಿತ್ತು.

"ನಿಮ್ಮ ಮಗಳು ಕೂಸಿಗಾಗಿ ಬರುತ್ತಿದ್ದಾಳೆ," ಎಂದ ವ್ಯಾಪಾರಿ. "ಇನ್ನೂ ದಪ್ಪ ಮೊಳೆ ಬೇಕು."

ಅತ್ತೆ ಕೂಸನ್ನು ಎತ್ತಿಕೊಂಡಳು. "ಇನ್ನೂ ಕೊರೆದರೆ ಒಲೆ ಉಳಿಯುವುದಿಲ್ಲ ಅಳಿಯಂದಿರೇ, ತೂತೊಂದೇ ಉಳಿಯುತ್ತದೆ. ಬದುಕಿದ್ದಾಗ ನನ್ನ ಮಗಳು ಡಬ್ಬಿಯ ಮುಚ್ಚಳ ತೆಗೆಯಲೂ ನಿಮ್ಮನ್ನೇ ಕೂಗುತ್ತಿದ್ದಳು. ಸತ್ತ ಮೇಲೆ ತಿರುಪು ಬಿಚ್ಚಲು ಕಲಿತಳೇ? ಅದೂ ಒಲೆಯ ಒಳಗೆ ಕೂತು? ಮೊಳೆಯ ತಲೆ ಇರುವುದು ಈ ಕಡೆ."

ವ್ಯಾಪಾರಿ ಬಾಗಿಲನ್ನೆತ್ತಿ ಒಲೆಗೆ ಒರಗಿಸಿದ.

"ಈ ಸಲದ ಮೊಳೆಗಳೆಲ್ಲಿ?" ಎಂದಳು ಅತ್ತೆ.

ನೆಲದ ಮೇಲೆ ಇರಲಿಲ್ಲ. ಅವನು ಹುಡುಕಲು ಬಗ್ಗಿದ. ಅವನ ಅಂಗಿಯ ಜೇಬಿನಲ್ಲಿ ಕಬ್ಬಿಣ ಕಿಣಿಗುಟ್ಟಿತು.

ಅತ್ತೆ ಕೂಸಿಗೆ ಕೌದಿ ಸುತ್ತಿದಳು, ಆಗಲೇ ತನ್ನ ಊರಿನ ದಾರಿ ಹಿಡಿದಳು. ವ್ಯಾಪಾರಿಯ ಮನೆಯಲ್ಲಿ ಒಲೆ ಈಗಲೂ ಉರಿಯುತ್ತದೆ. ಬಾಗಿಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ನಿಟ್ಟುಸಿರು ಬಿಟ್ಟ.

"ಪಾಪ, ಬಿಚ್ಚುತ್ತಿರುವುದು ತಾನೇ ಎಂದು ಅವನಿಗೆ ಗೊತ್ತೇ ಇರಲಿಲ್ಲವೇ ಗುರುಗಳೇ?"

ಗುರುಗಳು ಕೇಳಿದರು: "ನಿನ್ನ ಕೋಣೆಯ ಅಗಳಿ ಬಾಗಿಲಿನ ಯಾವ ಬದಿಗಿದೆ?"