ನಾಟಿ ಹಸುವಿನದು ಐದು, ಸೀಮೆ ಹಸುವಿನದು ಮೂರು

"ಬುದ್ಧೀ, ನನ್ನ ಗ್ರೇಡ್ ಪಾಯಿಂಟಿನ ಸರಾಸರಿ ಎಂಟು ಬರಬೇಕು. ಅಂಕಪಟ್ಟಿಯಲ್ಲಿ ಏಳು ಅಂತಿದೆ. ನಡುವಿನ ಒಂದನ್ನು ತಿಂದವರು ಯಾರು?" ಎಂದು ಗುರುಗಳನ್ನು ಕೇಳಿದೆ.

ನಾನು ಓದುವ ಕಾಲೇಜು ಗುರುಗಳ ಮಠದ್ದೇ. ಬರಿಗೈಯಲ್ಲಿ ಹೋಗಿ ಕೇಳಿದವನಲ್ಲ ನಾನು. ನಮ್ಮೂರಿನಿಂದ ಬಿ.ಎಸ್ಸಿ. ಗಣಿತ ಹಿಡಿದವನು ನಾನೊಬ್ಬನೇ. ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸಿದವನು ಇಡೀ ಹೋಬಳಿಯಲ್ಲಿಲ್ಲ. ಗಣಿತ ಆರು, ಭೌತಶಾಸ್ತ್ರ ಆರು, ಪರಿಸರ ಎಂಟು, ಯೋಗ ಹತ್ತು, ಕ್ರೀಡೆ ಹತ್ತು. ಕೂಡಿದರೆ ನಲವತ್ತು. ಐದರಿಂದ ಭಾಗಿಸಿದರೆ ಎಂಟು. ಇದಕ್ಕೆ ಕಾಗದ ಯಾಕೆ?

ಪಟ್ಟಿ ತಯಾರಿಸುವ ಗುಮಾಸ್ತ ಪುಟ್ಟಮಾದಯ್ಯನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ. ಅವನ ಅಕ್ಕನ ಮಗ ನನ್ನ ತರಗತಿಯಲ್ಲೇ ಇದ್ದಾನೆ, ಅವನಿಗೆ ಏಳೂವರೆ ಬಂದಿದೆ. ಇದಕ್ಕಿಂತ ಸಾಕ್ಷಿ ಬೇಕೆ? ದೂರು ಬರೆದು ಮೂವತ್ತು ಹುಡುಗರ ಸಹಿ ಹಾಕಿಸಿದ್ದೆ. ಪುಟ್ಟಮಾದಯ್ಯ ಹಂಗಾಮಿ ನೌಕರ. ಗುರುಗಳು ಹೂಂ ಅಂದರೆ ನಾಳೆಯಿಂದ ಅವನಿಗೆ ಕೆಲಸವಿಲ್ಲ.

ಗುರುಗಳು ದೂರನ್ನು ಪೂರ್ತಿ ಓದಿದರು. ಆಮೇಲೆ ಹೇಳಿದರು:

ಒಬ್ಬ ರೈತನಿದ್ದ. ಅವನಿಗೆ ಎರಡು ಹಸು, ಒಂದು ನಾಟಿ, ಒಂದು ಸೀಮೆ. ಊರಿನ ಡೈರಿಯಲ್ಲಿ ಫ್ಯಾಟು, ಅಂದರೆ ಹಾಲಿನ ಕೊಬ್ಬು, ನೂರಕ್ಕೆ ಮೂರೂವರೆಗಿಂತ ಕಡಿಮೆ ಇದ್ದ ಹಾಲನ್ನು ತೆಗೆದುಕೊಳ್ಳುತ್ತಿರಲಿಲ್ಲ. ರೈತ ಎರಡು ಬಾಟಲಿಯಲ್ಲಿ ಎರಡೂ ಹಸುವಿನ ಹಾಲನ್ನು ಒಯ್ದು ಬೇರೆ ಬೇರೆ ಪರೀಕ್ಷೆ ಮಾಡಿಸಿದ. ನಾಟಿ ಹಸುವಿನದು ಐದು, ಸೀಮೆ ಹಸುವಿನದು ಮೂರು. ಬೆರೆಸಿದರೆ ನಾಲ್ಕು ಎಂದುಕೊಂಡ. ಮರುದಿನ ಎರಡನ್ನೂ ಒಂದೇ ಕ್ಯಾನಿಗೆ ಸುರಿದು ತಂದ. ಯಂತ್ರ ಮೂರು ಪಾಯಿಂಟ್ ನಾಲ್ಕು ತೋರಿಸಿತು. ಹಾಲು ವಾಪಸಾಯಿತು. ನೀರು ಹಾಕಿದ್ದಾನೆ ಎಂದು ಸಾಲಿನಲ್ಲಿದ್ದವರು ನಕ್ಕರು.

ರೈತ ಮನೆಗೆ ಬಂದು ಹೆಂಡತಿಯನ್ನು ಹಿಡಿದುಕೊಂಡ. "ಹಾಲು ಕರೆಯುವವಳು ನೀನು. ನೀರು ಸೇರಿಸಿದವಳೂ ನೀನೇ."

"ಹಾಗಾದರೆ ನಾಳೆಯಿಂದ ನೀವೇ ಕರೆಯಿರಿ" ಎಂದು ಅವಳು ಚೊಂಬನ್ನು ಅವನ ಮುಂದೆ ಕುಕ್ಕಿದಳು.

ಅವನೇ ಕರೆದ. ಅವನೇ ಹೊತ್ತು ತಂದ. ಮತ್ತೆ ಮೂರು ಪಾಯಿಂಟ್ ನಾಲ್ಕು.

"ಯಂತ್ರವನ್ನೇ ತಿರುಚಿದ್ದಾರೆ ಬುದ್ಧೀ" ಎಂದು ನಾನು ನಡುವೆ ಬಾಯಿ ಹಾಕಿದೆ.

"ರೈತನೂ ಹಾಗೇ ಅಂದ" ಎಂದು ಗುರುಗಳು ಮುಂದುವರಿಸಿದರು:

ಪರೀಕ್ಷೆ ಮಾಡುವ ಹೆಂಗಸು ಕಳ್ಳಿ, ಅವಳನ್ನು ತೆಗೆದುಹಾಕಿ ಎಂದು ಡೈರಿಯ ಮುಂದೆ ಕೂಗಾಡಿದ. ಅವಳು ಜಗಳಕ್ಕೆ ಹೋಗಲಿಲ್ಲ. ಎರಡೂ ಹಾಲನ್ನು ಬೇರೆ ಬೇರೆ ಕ್ಯಾನಿನಲ್ಲಿ ತರಲು ಹೇಳಿದಳು. ತಂದ. ಒಂದೊಂದು ಲೀಟರ್ ಅಳೆದು ಬೆರೆಸಲು ಹೇಳಿದಳು. ಬೆರೆಸಿದ. ಯಂತ್ರ ನಾಲ್ಕು ತೋರಿಸಿತು.

"ನೋಡಿದಿರೇನ್ರಪ್ಪಾ! ಇವತ್ತು ಸಿಕ್ಕಿಬಿದ್ದಳು!" ಎಂದು ರೈತ ತೊಡೆ ತಟ್ಟಿದ.

"ಇನ್ನೂ ಮುಗಿದಿಲ್ಲ ಅಣ್ಣಾ. ನಾಟಿ ಹಸುವಿನ ಕ್ಯಾನಿನಲ್ಲಿ ಒಂದು ಲೀಟರ್ ಉಳಿದಿದೆ. ಸೀಮೆ ಹಸುವಿನದರಲ್ಲಿ ಏಳು ಉಳಿದಿದೆ. ಎಲ್ಲವನ್ನೂ ಸುರಿ" ಎಂದಳು.

ಸುರಿದ. ಯಂತ್ರ ಮೂರು ಪಾಯಿಂಟ್ ನಾಲ್ಕಕ್ಕೆ ಇಳಿಯಿತು. ಈ ಸಲ ಯಾರೂ ನಗಲಿಲ್ಲ. ರೈತನಿಗೆ ಮನೆಯ ದಾರಿ ದೂರವಾಯಿತು. ಅಲ್ಲಿ ಹೆಂಡತಿ ಇದ್ದಳು.

ಗುರುಗಳು ಕತೆ ನಿಲ್ಲಿಸಿ, "ವಾರಕ್ಕೆ ಗಣಿತದ ಪಾಠ ಎಷ್ಟು ಗಂಟೆ?" ಎಂದು ಕೇಳಿದರು.

"ನಾಲ್ಕು."

"ಯೋಗ?"

"ಒಂದು" ಎಂದೆ. ಎಂದವನು ಅಂಕಪಟ್ಟಿಯನ್ನು ತೆಗೆದು ನೋಡಿದೆ. ಪ್ರತಿ ವಿಷಯದ ಪಕ್ಕದಲ್ಲಿ, ಪಾಠದ ಗಂಟೆಗೆ ತಕ್ಕಂತೆ ಕೊಡುವ ಕ್ರೆಡಿಟ್ ಎಂಬ ಕಾಲಂ ಇತ್ತು. ಅದು ಯಾವಾಗಲೂ ಇತ್ತು. ಗಣಿತ ನಾಲ್ಕು, ಭೌತಶಾಸ್ತ್ರ ನಾಲ್ಕು, ಪರಿಸರ ಎರಡು, ಯೋಗ ಒಂದು, ಕ್ರೀಡೆ ಒಂದು. ಒಂದೊಂದು ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿದೆ. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಹದಿನಾರು, ಹತ್ತು, ಹತ್ತು. ಒಟ್ಟು ಎಂಬತ್ನಾಲ್ಕು. ಕ್ರೆಡಿಟ್ಟು ಒಟ್ಟು ಹನ್ನೆರಡು. ಭಾಗಿಸಿದೆ. ಏಳು. ಇನ್ನೊಮ್ಮೆ ಭಾಗಿಸಿದೆ. ಏಳೇ.

ಆದರೂ ನಾನು ಅಷ್ಟಕ್ಕೆ ಬಗ್ಗುವವನಲ್ಲ. "ಪುಟ್ಟಮಾದಯ್ಯ ಇದನ್ನು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಬುದ್ಧೀ. ಅನುಮಾನ ಬರುವ ಹಾಗೆ ನಡೆದುಕೊಂಡವನು ಅವನು. ಅನುಮಾನ ಪಟ್ಟದ್ದು ನನ್ನ ತಪ್ಪೇ?"

ಗುರುಗಳು ದೂರಿನ ಕಾಗದವನ್ನು ನನ್ನ ಕಡೆಗೆ ಸರಿಸಿದರು.

"ಇಷ್ಟು ಜನರನ್ನು ಅನುಮಾನಿಸಿದವನು ನಿನ್ನೊಬ್ಬನನ್ನು ಯಾಕಪ್ಪ ಬಿಟ್ಟೆ?"