ದೇಸಾಯರ ಹೊಸ ಹಲ್ಲು

ದೇಸಾಯರ ವಾಡೆಯಲ್ಲಿ ದುಡಿದು ದುಡಿದು ಯಮನಪ್ಪ ಹಣ್ಣಾಗಿದ್ದ. ಧಣಿಗೆ ಹೊಸ ಚಪ್ಪಲಿ ಬಂದರೆ ಮೊದಲು ಅವನೇ ಮೆಟ್ಟಿ, ಸಡಿಲ ಮಾಡಿ ಕೊಡಬೇಕು. ಬಿಗಿ ಕೋಟು ಬಂದರೂ ಅಷ್ಟೇ. ಒಲ್ಲೆ ಅಂದವರಿಗೆ ಆ ವಾಡೆಯಲ್ಲಿ ಅನ್ನವಿರಲಿಲ್ಲ.

ಹೀಗಿರುವಾಗ ಪಟ್ಟಣದಿಂದ ದೇಸಾಯರಿಗೆ ಹಲ್ಲಿನ ಸೆಟ್ಟು ಬಂತು. ಹಾಕಿಕೊಂಡರೆ ವಸಡು ಒತ್ತಿ ಕಣ್ಣಲ್ಲಿ ನೀರು. ಮೊಮ್ಮಗಳ ಮದುವೆ ಮಾತಿಗೆ ಬೀಗರು ಬರುವವರಿದ್ದರು. ಅವರೆದುರು ಬೊಚ್ಚುಬಾಯಲ್ಲಿ ಕೂಡುವುದು ಹೇಗೆ?

"ಯಮನ್ಯಾ, ನಿನ್ನ ಬಾಯಾಗೂ ಹಲ್ಲಿಲ್ಲ. ಬೀಗರು ಬರೂತನಕ ಇವನ್ನ ನೀ ಹಾಕ್ಕೊ. ಸಡ್ಲ ಮಾಡಿ ಕೊಡು," ಎಂದು ಸೆಟ್ಟು ಮುಂದೆ ಹಿಡಿದರು.

ಯಮನಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ದಣಿವು. ಕಾಲಾಯಿತು, ಮೈಯಾಯಿತು, ಈಗ ಬಾಯಿಯೂ ಇವರ ಚಾಕರಿಗೇ.

"ಆಗ್ಲಿರಿ ಧಣ್ಯಾರ. ಆದರ ಹಲ್ಲು ನನ್ನ ಬಾಯಿ ರೂಢಿ ಹಿಡದರ ಏನ್ ಮಾಡೂದ್ರಿ?"

"ನಿನ್ನ ಬಾಯಿಗೇನಲೇ ರೂಢಿ?"

"ಒಬ್ಬನ ಇದ್ದಾಗ ನಿಮ್ಮನ್ನ ಬೈತೀನ್ರಿ. ಭಾಳ ವರ್ಷದ ಚಟ. ಬೀಗರ ಮುಂದ ನೀವು ಬಾಯಿ ತಗದ ಕೂಡಲೇ ಹಲ್ಲು ಅದನ್ನ ಅಂದುಬಿಟ್ರ?"

ದೇಸಾಯರ ಮುಖ ಕೆಂಪಾಯಿತು. "ಏನಂತ ಬೈತಿ?"

"ಹಾಕ್ಕೊಂಡು ಹೇಳ್ಲೇನ್ರಿ?" ಯಮನಪ್ಪ ಹಲ್ಲಿಗೆ ಕೈ ಚಾಚಿದ.

ದೇಸಾಯರು ಗಬಕ್ಕನೆ ಸೆಟ್ಟನ್ನು ತಮ್ಮ ಬಾಯಿಗೇ ತುರುಕಿಕೊಂಡರು. ನೋವಿಗೆ ಮುಂದೆ ಮಾತೇ ಹೊರಡಲಿಲ್ಲ.

ಆ ಮಧ್ಯಾಹ್ನ ವಾಡೆಯಲ್ಲಿ 'ಯಮನ್ಯಾ' ಎಂದು ಕೂಗುವವರೇ ಇಲ್ಲ. ಯಮನಪ್ಪ ಕಟ್ಟೆಯ ಮೇಲೆ ಕಾಲು ಚಾಚಿ, ಸಂಜೆಯತನಕ ನಿದ್ದೆ ಹೊಡೆದ.